ಎಡಗೈ ರುಜು

ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲ ಮೇಲೆ
ಯಾರೋ ಚೆಲ್ಲಿದ ಕಬ್ಬಿನ ಹಾಲಿಗೆ ಜಾರಿ
ಬಲಗೈ ಮಣಿಕಟ್ಟು ಮುರಿಯಿತು.
ಚಪ್ಪಲಿ ಒಂದು ಕಡೆ, ಬುತ್ತಿಯ ಪಲ್ಯ ಒಂದು ಕಡೆ.
ಮೊದಲು ಕೇಳಿಸಿದ್ದು ನನ್ನದೇ ದನಿ:
'ಏನೂ ಆಗಿಲ್ಲ ಬಿಡ್ರಿ, ನಾನs ಏಳ್ತೀನಿ.'

ಏಳಲಾಗಲಿಲ್ಲ.

ಯಾರ ಹಂಗೂ ಬ್ಯಾಡ, ಅನ್ನುತ್ತಿದ್ದಳು ಅವ್ವ.
ಪಕ್ಕದ ಮನೆಯಿಂದ ಹಿಡಿ ಸಕ್ಕರೆ ಬಂದರೆ
ಬಟ್ಟಲು ಬರಿದೇ ಮರಳುವಂತಿಲ್ಲ;
ಶೇಂಗಾ ಹಿಂಡಿಯೋ, ನಾಲ್ಕು ಒಣಮೆಣಸಿನಕಾಯಿಯೋ ಇಟ್ಟು
ಕತ್ತಲಾಗುವ ಮುಂಚೆ ಮುಟ್ಟಿಸಿ ಬರಬೇಕು.
ಋಣದ ಮ್ಯಾಲ ಮಲಗಬಾರದವ್ವಾ, ನಿದ್ದಿ ಹತ್ತೂದಿಲ್ಲ.
ಹಾಗೇ ಬೆಳೆದೆ.
ಹಾಗೇ ಮೂವತ್ತೊಂದು ವರ್ಷ
ಫೋರ್ಟಿನ ಬ್ಯಾಂಕಿನಲ್ಲಿ ಕೂತು
ಊರ ಮಂದಿಯ ರುಜು ತಾಳೆ ನೋಡಿದೆ.
ಬಾಲ ಸೊಟ್ಟಗಿದ್ದರೆ ಚೆಕ್ಕು ವಾಪಸ್ಸು.

ಈಗ ಬಲಗೈ ಸುಣ್ಣದ ಗೋಡೆ.
ಎಡಗೈಯೋ, ಐವತ್ತಾರು ವರ್ಷ ಹಿಂದಿನ ಬೆಂಚಿನಲ್ಲಿ ಕೂತ ದಡ್ಡಿ,
ಹಲ್ಲುಜ್ಜಲು ಹೋಗಿ ಗಲ್ಲ ಉಜ್ಜುತ್ತದೆ.

ಮೊದಲ ಸೋಮವಾರ ಬಿಚ್ಚುಗೂದಲಲ್ಲೇ ಹೊರಟೆ.
ಏಳೂ ಐವತ್ತಮೂರರ ಲೇಡೀಸ್ ಡಬ್ಬದಲ್ಲಿ
ಹೆಸರೂ ಗೊತ್ತಿಲ್ಲದ ಒಬ್ಬಳು,
ನಾಲ್ಕನೇ ಸೀಟಿಗಾಗಿ ವರ್ಷಗಟ್ಟಲೆ ನನ್ನೊಡನೆ ಕಾದಾಡಿದವಳು,
ಹಿಂದಿನಿಂದ ನನ್ನ ಕೂದಲಿಗೇ ಕೈ ಹಾಕಿದಳು.
ಶುರುವಾಯಿತು, ಅಂದುಕೊಂಡೆ.
ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ಅಂದಳು:
'ಸೀಧಾ ಬೈಠೋ.'
ಠಾಣೆ ಬರುವಷ್ಟರಲ್ಲಿ ಮೂರೆಳೆ ಹೆಣೆದಾಗಿತ್ತು.

ನಸ್ರೀನ್. ಮಸ್ಜಿದ್ ಬಂದರಿನಲ್ಲಿ ಗುಂಡಿ, ಜರಿ ಮಾರುವ ಅಂಗಡಿಯ ಲೆಕ್ಕ ಬರೆಯುತ್ತಾಳೆ.
ಎಣ್ಣೆ ಹಚ್ಚಿಕೊಂಡು ಬರಬಾರದೇ ಎಂದು ಬೈಯುತ್ತಾಳೆ.
ಸಿಕ್ಕು ಬಿಡಿಸುವುದರಲ್ಲಿ ಅವ್ವನಷ್ಟೇ ನಿರ್ದಯಿ.

ಆಮೇಲೆ ತಡೆಯುವುದಾದರೂ ಹೇಗೆ?
ಸಂಜೆಯ ಗಾಡಿಯಲ್ಲಿ ಬಟಾಣಿ ಸುಲಿಯುವ ಗುಂಪು
ನನ್ನ ಚೀಲದ ಚವಳಿಕಾಯಿಯನ್ನೂ ಎಳೆದುಕೊಂಡು
ನಾರು ತೆಗೆಯಿತು, ಮುರಿಯಿತು, ಗಂಟು ಕಟ್ಟಿತು.
ಆಫೀಸಿನಲ್ಲಿ ಪ್ಯೂನ್ ಘೋಸಾಳ್ಕರ್
ಕಾಗದ ಜರುಗದಂತೆ ಎರಡು ಬೆರಳೊತ್ತಿ ಹಿಡಿದ;
ಎಡಗೈ ರುಜು ಹಾಕಿತು,
ಕಪ್ಪೆ ಮಸಿಗೆ ಬಿದ್ದು ಎದ್ದು ನಡೆದ ಹಾಗೆ.
ನಾನಾಗಿದ್ದರೆ ವಾಪಸ್ಸು ಕಳಿಸುತ್ತಿದ್ದೆ.
ಕೌಂಟರಿನ ಹೊಸ ಹುಡುಗಿ ಅದನ್ನು ನೋಡಿದಳು,
ನನ್ನ ನೋಡಿದಳು,
ಸರಿ ಎಂದು ಗೀಟೆಳೆದಳು.

ಶುಕ್ರವಾರ ಋಣ ತೀರಿಸಲು ಹೊರಟೆ.
ಮಾಟುಂಗದಿಂದ ತರಿಸಿದ ಶೇಂಗಾ ಹೋಳಿಗೆ, ಇಪ್ಪತ್ತು.
ನಸ್ರೀನ್ ಒಂದನ್ನೇ ತೆಗೆದುಕೊಂಡು
ಡಬ್ಬಿಯನ್ನು ಆಚೆಗೆ ದಾಟಿಸಿದಳು.
ಅದು ಕಿಟಕಿಯಿಂದ ಬಾಗಿಲಿಗೆ ಹೋಗಿ
ಕುರ್ಲಾದಲ್ಲಿ ತಿರುಗಿ ನನ್ನ ಮಡಿಲಿಗೆ ಬಂದಾಗ
ಒಳಗೆ
ಉಪ್ಪುಖಾರ ಸವರಿದ ಅರ್ಧ ಪೇರಲ,
ಒಂದು ಮೊಳ ಅಬೋಲಿ,
ಸೀರೆಗೆ ಬೇಕಾದೀತೆಂದು ಯಾರೋ ಹಾಕಿದ ಎರಡು ಪಿನ್ನು.

ಆ ರಾತ್ರಿ ಋಣದ ಮೇಲೆಯೇ ಮಲಗಿದೆ.
ನಿದ್ದೆ ಬಂತು, ಅವ್ವಾ.

ಒಂದು ಮಾತಾದರೂ ಆಡಬೇಕಲ್ಲ.
ಧನ್ಯವಾದ ಎಂಬುದು
ಹಾರ ಹಾಕಿಸಿಕೊಂಡ ಮೇಲೆ ಮೈಕಿನ ಮುಂದೆ ಹೇಳುವುದು.
ಥ್ಯಾಂಕ್ಸ್ ಅಂದರೆ ಚಿಲ್ಲರೆ ಎಣಿಸಿ ಕೊಟ್ಟಂತೆ.
'ನಿನ್ನ ಹೊಟ್ಟಿ ತಣ್ಣಗಿರ್ಲಿ' ಅನ್ನುತ್ತಿದ್ದಳು ಅವ್ವ.
ಅದನ್ನೇ ಹಿಂದಿಗೆ ತಿರುಗಿಸಿದೆ:
'ತೇರಾ ಪೇಟ್ ಠಂಡಾ ರಹೇ.'
ಡಬ್ಬಕ್ಕೆ ಡಬ್ಬವೇ ನಕ್ಕಿತು.
ನಕ್ಕು ನಕ್ಕು ನಸ್ರೀನಳ ಕೈ ಸಡಿಲಿ
ಜಡೆ ಮತ್ತೆ ಮೊದಲಿನಿಂದ.

ನಲವತ್ತಮೂರನೇ ದಿನ ಪ್ಲಾಸ್ಟರು ಒಡೆದರು.
ಬಿಳುಚಿದ, ಸೊರಗಿದ ಕೈ,
ಯಾರದೋ ಮನೆಯಿಂದ ಕಡ ತಂದಂತಿತ್ತು.
ಕನ್ನಡಿ ಮುಂದೆ ಬೆರಳಾಡಿಸಿ ನೋಡಿದೆ.
ಒಂದೆಳೆ, ಎರಡೆಳೆ, ಮೂರೆಳೆ.
ಬರುತ್ತದೆ. ನೋವಿದೆ, ಆದರೂ ಬರುತ್ತದೆ.

ಬಿಚ್ಚಿಬಿಟ್ಟೆ.

ಏಳೂ ಐವತ್ತಮೂರು.
ನನ್ನ ಬರಿಯ ಮಣಿಕಟ್ಟು ಅವಳಿಗೂ ಕಂಡಿರಬೇಕು.
ಕ್ಲಿಪ್ಪು ಹಲ್ಲಿಗೆ ಕಚ್ಚಿ ಅಂದಳು, ಸೀಧಾ ಬೈಠೋ.
ಬೆನ್ನು ನೆಟ್ಟಗೆ ಮಾಡಿ ಕೂತೆ.
ಗಾಡಿ ಪಾರ್ಸಿಕ್ ಬೋಗದೆಗೆ ನುಗ್ಗಿ
ಎಲ್ಲರ ಮುಖವೂ ಅಳಿಸಿಹೋಯಿತು.
ಬೆರಳು ನಿಲ್ಲಲಿಲ್ಲ.